ಎಂಬತ್ತು ದಾಟಿದರೆ ಬರುವ ನಡುಕ

ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ರೂಪ ಕೊಡುತ್ತಾನೆ, ಇನ್ನು ಕೆಲವರಿಗೆ ಏನೂ ಕೊಡದೆ ನಾಲಿಗೆಯೊಂದನ್ನು ಉದ್ದ ಮಾಡಿ ಕಳಿಸುತ್ತಾನೆ. ಈ ಕಥೆಯ ಮನುಷ್ಯನಿಗೆ ಅವನು ಕೊಟ್ಟದ್ದು ಬಲಗೈ. ಎಡಗೈಯೂ ಇತ್ತು, ಇಲ್ಲವೆನ್ನುವಂತಿಲ್ಲ. ಆದರೆ ಅದು ಎಲ್ಲರ ಎಡಗೈಯಂತೆ ಬಕೆಟ್ಟು ಹಿಡಿಯುವುದಕ್ಕೆ, ಬೆನ್ನು ತುರಿಸುವುದಕ್ಕೆ ಇದ್ದದ್ದು. ಬಲಗೈಯ ಮಾತೇ ಬೇರೆ.

ಅವನು ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವನು. ಬೇರೆಯವರ ಸೂಜಿ ಕಂಡರೆ ಮಾಂಸದೊಳಗೆ ಅಡಗಿ ಕೂರುವ ನರಗಳು ಅವನ ಬೆರಳು ಸೋಕಿದರೆ ತಾವಾಗಿ ಮೇಲೆದ್ದು ನಮಸ್ಕಾರ ಹೇಳುತ್ತಿದ್ದವು. ಎಳೆ ಮಕ್ಕಳ ತಾಯಂದಿರು, ತೋಳೆಲ್ಲ ಚರ್ಮವೇ ಆಗಿದ್ದ ಮುದುಕರು, ಎಲ್ಲರೂ ಬಾಗಿಲಲ್ಲಿ ನಿಂತು ಮೊದಲು ಕೇಳುತ್ತಿದ್ದದ್ದು ಸೂಜಿಯಣ್ಣ ಇದ್ದಾನೆಯೇ ಎಂದು. ಇಲ್ಲವೆಂದರೆ ಚೀಟಿ ಮಡಚಿಕೊಂಡು ಹೊರಟೇಬಿಡುತ್ತಿದ್ದರು. ಅವನ ಕೈಗುಣ ಅಂಥದ್ದು. ಹೆತ್ತವರು ಇಟ್ಟ ಹೆಸರನ್ನು ಜನ ಮರೆತು ಎಷ್ಟೋ ಕಾಲವಾಗಿತ್ತು. ಸೂಜಿಯಣ್ಣನೆಂದರೆ ಸೂಜಿಯಣ್ಣ.

ಇಷ್ಟು ಹೊಗಳಿಕೆ ಬಿದ್ದ ಮೇಲೆ ಯಾವ ಕೈಗಾದರೂ ಸ್ವಲ್ಪ ಜಂಬ ಬರದೆ ಇರುತ್ತದೆಯೇ? ಆ ಬಲಗೈ ಮನೆಯಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸಿತು. ತರಕಾರಿ ಚೀಲ ಎತ್ತುತ್ತಿರಲಿಲ್ಲ, ನಲ್ಲಿ ಬಿಗಿಯುತ್ತಿರಲಿಲ್ಲ. ಬಿಗಿಯಾದ ಡಬ್ಬಿಯೊಂದನ್ನು ಹೆಂಡತಿ ಮುಂದೆ ಹಿಡಿದಾಗ ಸೂಜಿಯಣ್ಣ ಗಂಭೀರವಾಗಿ, ಈ ಕೈ ತನ್ನದಲ್ಲ, ಜನರದು ಎಂದಿದ್ದ.

"ಹಾಗಾದ್ರೆ ಜನರನ್ನೇ ಕರೀರಿ," ಎಂದಳು ಅವಳು. "ಮುಚ್ಚಳ ತೆಗೆದುಕೊಟ್ಟು ಹೋಗಲಿ."

ಇಂಥ ಮನೆಗೆ ಒಂದು ಕಾರು ಬಂತು. ಹೊಸದಲ್ಲ, ಭಾಮೈದನದು. ಹೆಂಡತಿಯ ತಮ್ಮನಾದ ಇವನು ತಾನೊಂದು ದೊಡ್ಡ ಕಾರು ಕೊಂಡು, ಹಳೆಯದನ್ನು ಕಂಡವರ ಕೈಗೆ ಹಾಕಲು ಮನಸ್ಸಾಗದೆ ಅಕ್ಕನ ಮನೆಗೇ ತಂದು ನಿಲ್ಲಿಸಿದ. ಮುಂದಿನ ಗಾಜಿನಲ್ಲಿ ಮುಖ ಕಾಣಬೇಕು, ಚಕ್ರದಲ್ಲಿ ಹಲ್ಲು ಕಾಣಬೇಕು, ಹಾಗೆ ಹೊಳೆಯುತ್ತಿತ್ತು. ಬೀಗದ ಕೈ ಕೊಡುವಾಗ ಅವನ ಕಣ್ಣು ತುಂಬಿತು. ಇದಕ್ಕೆ ಇದುವರೆಗೆ ಒಂದು ನೆಗಡಿ ಬಂದದ್ದಿಲ್ಲ ಭಾವ, ಎಂದು ಬಾನೆಟ್ಟಿನ ಮೇಲೆ ಕೈಯಾಡಿಸಿದ. ಅಕ್ಕನಿಗೂ ಕಣ್ಣು ತುಂಬಿತು. ತಮ್ಮನ ವಿಷಯದಲ್ಲಿ ಅವಳ ಮನಸ್ಸು ಬೆಣ್ಣೆ. ಅವನು ಕೊಟ್ಟದ್ದರಲ್ಲಿ ಕುಂದು ಹುಡುಕುವವರಿಗೆ ಆ ಮನೆಯಲ್ಲಿ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ.

ಊರೊಳಗೆ ಕಾರು ನೀರಿನ ಮೇಲೆ ದೋಣಿ ಹೋದಂತೆ ಹೋಗುತ್ತಿತ್ತು. ಮನೆಯಿಂದ ಲ್ಯಾಬಿಗೆ, ಲ್ಯಾಬಿನಿಂದ ಮನೆಗೆ. ಒಂದು ರಜೆಯ ದಿನ ಹೆಂಡತಿಯ ಚಿಕ್ಕಮ್ಮನನ್ನು ನೋಡಲು ಪಕ್ಕದ ಪಟ್ಟಣಕ್ಕೆ ಹೊರಟರು. ಹೆದ್ದಾರಿ ಸಿಕ್ಕಿತು. ರಸ್ತೆ ಅಗಲ, ಬಿಸಿಲು ಹಿತ. ಸೂಜಿಯಣ್ಣ ಕಾಲು ಒತ್ತಿದ. ಮುಳ್ಳು ಅರವತ್ತು ದಾಟಿತು, ಎಪ್ಪತ್ತು ದಾಟಿತು, ಎಂಬತ್ತನ್ನು ಮುಟ್ಟಿದ್ದೇ ತಡ, ಅವನ ಬಲಗೈ ನಡುಗತೊಡಗಿತು.

ಮೊದಲು ಬೆರಳ ತುದಿ. ತೊಂಬತ್ತಕ್ಕೆ ಮಣಿಕಟ್ಟು. ನೂರಕ್ಕೆ ಮೊಣಕೈವರೆಗೆ ಏರಿ, ಅಂಗಿಯ ತೋಳೇ ಪಟಪಟ ಬಡಿಯಿತು. ಎಡಗೈಯೂ ನಡುಗುತ್ತಿತ್ತು, ಆದರೆ ಅದನ್ನು ಯಾರು ಕೇಳಿದರು? ಸೂಜಿಯಣ್ಣನ ಮುಖದ ರಕ್ತ ಇಳಿದುಹೋಯಿತು. ಕಾಲು ಸಡಿಲಿಸಿದ, ನಡುಕ ನಿಂತಿತು. ಮತ್ತೆ ಒತ್ತಿದ, ಮತ್ತೆ ಬಂತು.

"ರೀ, ನಿಮ್ಮ ಕೈ," ಎಂದಳು ಹೆಂಡತಿ.

ಹಸಿವಿರಬೇಕು ಎಂದ. ಅವಳು ಕಿತ್ತಳೆ ಸುಲಿದು ಒಂದೊಂದೇ ತೊಳೆ ಬಾಯಿಗಿಟ್ಟಳು. ಹಣ್ಣು ಮುಗಿಯಿತು, ನಡುಕ ಮುಗಿಯಲಿಲ್ಲ. ಉಳಿದ ದಾರಿಯನ್ನು ಅವರು ಶವಯಾತ್ರೆಯ ವೇಗದಲ್ಲಿ ಕಳೆದರು. ಹಿಂದೆ ಬಂದ ಲಾರಿಗಳವರೆಲ್ಲ ಹಾರ್ನಿನಲ್ಲೇ ಬೈದು ಮುಂದೆ ಹೋದರು.

ಕಾರನ್ನೇಕೆ ಅವನು ಅನುಮಾನಿಸಲಿಲ್ಲ ಎಂದು ಕೇಳುವವರು ಅವನ ಕಸುಬನ್ನು ಮರೆತಿದ್ದಾರೆ. ಜೀವಮಾನವಿಡೀ ಅವನು ಕಂಡ ನಡುಕವೆಲ್ಲ ಮನುಷ್ಯರದು. ಕುರ್ಚಿ ನಡುಗಿದ್ದನ್ನು ಅವನು ಕಂಡಿರಲಿಲ್ಲ, ಕುರ್ಚಿಯಲ್ಲಿ ಕೂತವರು ನಡುಗಿದ್ದನ್ನು ಕಂಡಿದ್ದ. ಆದರೂ ನ್ಯಾಯಕ್ಕೆ ಕುಂದು ಬರಬಾರದೆಂದು ಮರುದಿನ ಭಾಮೈದನನ್ನು ಕರೆಸಿದ. ಅವನು ಬಂದು ಕಾರು ಹತ್ತಿ ಪೇಟೆ ಬೀದಿ, ಶಾಲೆಯ ಬೀದಿ, ಪೋಸ್ಟಾಫೀಸಿನ ತಿರುವು, ಎಲ್ಲ ಕಡೆ ಎತ್ತಿನ ಗಾಡಿಯ ವೇಗದಲ್ಲಿ ಸುತ್ತಿಸಿದ. ಸ್ಟೇರಿಂಗನ್ನು ಒಂದೇ ಬೆರಳಲ್ಲಿ ಹಿಡಿದು ತೋರಿಸಿದ. ಬೆರಳು ಗರ್ಭಗುಡಿಯ ದೀಪದಂತೆ ನಿಶ್ಚಲವಾಗಿತ್ತು.

"ಕಾರು ಬಂಗಾರ, ಭಾವ," ಎಂದ ಮೃದುವಾಗಿ. "ಕೈ ತೋರಿಸ್ಕೊಳ್ಳಿ."

ಆ ಸಂಜೆ ಸೂಜಿಯಣ್ಣ ಕಿಟಕಿಯ ಪಕ್ಕ ನಿಂತು, ಎರಡೂ ಕೈ ಮುಂದೆ ಚಾಚಿ, ಅವುಗಳ ಮೇಲೊಂದು ಕಾಗದ ಹಾಸಿಕೊಂಡ. ಸಣ್ಣ ನಡುಕವಿದ್ದರೂ ಕಾಗದ ಅಲುಗಿ ಹೇಳಿಬಿಡುತ್ತದೆ, ದೊಡ್ಡ ಡಾಕ್ಟರುಗಳೂ ಹೀಗೇ ನೋಡುವುದು. ಕಾಗದ ಅಲುಗಲಿಲ್ಲ. ಅಲುಗಿದ್ದು ಎದುರು ಮನೆಯ ಟೈಲರ್. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಆತ, ಗಂಡಸೊಬ್ಬ ಕಿಟಕಿಯಲ್ಲಿ ನಿದ್ದೆಯಲ್ಲಿ ನಡೆಯುವವನ ಹಾಗೆ ಕೈ ಚಾಚಿ ನಿಂತದ್ದನ್ನು ಕಂಡು, ಬಾಯಲ್ಲಿ ಕಚ್ಚಿದ್ದ ದಾರವನ್ನೂ ಮರೆತು ಓಡಿ ಬಂದ. ಹೆಂಡತಿ ಬಾಗಿಲಲ್ಲಿ ಸಿಕ್ಕಳು. ದುಃಖದಲ್ಲಿದ್ದ ಹೆಂಗಸು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರ ಕೈ ನಡುಗುತ್ತದಂತೆ ಎಂಬಷ್ಟನ್ನು ಟೈಲರ್ ಮನಸ್ಸಿನಲ್ಲಿ ಮಡಚಿ ಇಟ್ಟುಕೊಂಡ. ಯಾವಾಗ, ಎಲ್ಲಿ ಎಂಬ ಚೂರುಗಳನ್ನು ಕತ್ತರಿಸಿ ಅಲ್ಲೇ ಬಿಟ್ಟ. ಟೈಲರಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಸೂಜಿಯಣ್ಣನಿಗೆ ತೋಳು ಕೊಡುವವನು. ಆತನ ಗಾಬರಿಯನ್ನು ನಾವು ತಪ್ಪು ತಿಳಿಯಬಾರದು.

ಬೆಳಗಾಗುವುದರೊಳಗೆ ಸುದ್ದಿ ಬೀದಿ ದಾಟಿತ್ತು. ಲ್ಯಾಬಿನ ಬೆಂಚಿನ ಮೇಲೆ ಎಂದಿನಂತೆ ಜನ ಕೂತಿದ್ದರು, ಆದರೆ ಎಲ್ಲರೂ ತೋಳು ಕಟ್ಟಿಕೊಂಡಿದ್ದರು. ಒಬ್ಬರನ್ನು ಕರೆದರೆ ಅವರು ಪಕ್ಕದವರನ್ನು ಮುಂದೆ ತಳ್ಳುವರು. ಪಕ್ಕದವರು, ತಾನು ಬಂದದ್ದು ರಕ್ತಕ್ಕಲ್ಲ, ಫ್ಯಾನಿನ ಗಾಳಿಗೆ ಎನ್ನುವರು. ಒಬ್ಬ ಅಜ್ಜಿ ಮಾತ್ರ ಕುರ್ಚಿಗೆ ಬಂದರು. ಕೂತು, ಅವನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಬಾಳಿ ಬದುಕಿದ ಕೈ, ಎಂದು ಕಣ್ಣೊರೆಸಿಕೊಂಡು ಎದ್ದುಹೋದರು. ಉಳಿದವರೆಲ್ಲ ಮೂಲೆಯಲ್ಲಿದ್ದ ಹೊಸ ಹುಡುಗಿಯ ಮುಂದೆ ಸಾಲು ನಿಂತರು. ನಿನ್ನೆಯವರೆಗೆ ಆ ಹುಡುಗಿಗೆ ಯಾರೂ ಮುಖ ಕೊಟ್ಟವರಲ್ಲ. ಅವಳು ಚುಚ್ಚಿದಾಗಲೆಲ್ಲ ಅಯ್ಯೋ ಎಂಬ ಕೂಗು ಏಳುತ್ತಿತ್ತು, ಆದರೂ ಸಾಲು ಕರಗಲಿಲ್ಲ.

ಲ್ಯಾಬಿನ ಒಡತಿ ಡಾಕ್ಟರಮ್ಮ ಅವನನ್ನು ಒಳಗೆ ಕರೆದರು. ಕೈ ಚಾಚಿಸಿದರು, ಮೂಗು ಮುಟ್ಟಿಸಿದರು, ಬೆರಳು ಮಡಚಿಸಿ ಬಿಡಿಸಿದರು. ಎಲ್ಲ ಸರಿಯಾಗಿತ್ತು. ಸೂಜಿಯಣ್ಣ ಸುಳ್ಳು ಹೇಳುವವನಲ್ಲ. ಎಂಬತ್ತು ದಾಟಿದರೆ ಬರುತ್ತದೆ, ನೂರಕ್ಕೆ ಮೊಣಕೈ ಮುಟ್ಟುತ್ತದೆ, ಇಳಿಸಿದರೆ ಹೋಗುತ್ತದೆ ಎಂದ. ಕಾರನ್ನು ನೋಡಿಸಿದಿರಾ ಎಂದು ಅವರು ಕೇಳಿದ್ದು ನಿಜ. ಭಾಮೈದ ಓಡಿಸಿ ನೋಡಿದ್ದಾನೆ, ಕಾರು ಬಂಗಾರ, ಎಂದು ಇವನು ಹೇಳಿದ್ದೂ ನಿಜ. ಡಾಕ್ಟರಮ್ಮ ಸೂಜಿಗಳ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಇವತ್ತು ರಸ್ತೇಲಿ ಬಂದದ್ದು ನಾಳೆ ಮಗುವಿನ ತೋಳಿನ ಮೇಲೆ ಬಂದ್ರೆ?" ಎಂದರು. "ನರದ ಡಾಕ್ಟರು ಸರಿ ಇದೆ ಅಂತ ಹೇಳೋವರೆಗೂ ಸೂಜಿ ಮುಟ್ಟಬೇಡಿ. ಕೌಂಟರಲ್ಲಿ ರಿಪೋರ್ಟ್ ಕೊಡೋ ಕೆಲಸ ನೋಡ್ಕೊಳ್ಳಿ. ಸರಿ ಇಲ್ಲ ಅಂದ್ರೆ... ಆ ಹುಡುಗೀನೂ ಕಲೀತಿದ್ದಾಳೆ."

ಅಂದು ಇಡೀ ದಿನ ಆ ಬಲಗೈ ಲಕೋಟೆಗಳಿಗೆ ಅಂಟು ಹಚ್ಚಿತು. ಮನೆಗೆ ಬಂದವನು ನೇರ ಅಡುಗೆಮನೆಗೆ ಹೋಗಿ, ಕಂಡ ಡಬ್ಬಿಗಳ ಮುಚ್ಚಳವನ್ನೆಲ್ಲ ತೆಗೆದಿಟ್ಟ. ಹೆಂಡತಿಗೆ ಕಾಯಿಲೆಯ ಆಳ ಅರ್ಥವಾದದ್ದು ಆಗ.

ನರದ ಡಾಕ್ಟರು ಇದ್ದದ್ದು ದೊಡ್ಡ ಪಟ್ಟಣದಲ್ಲಿ, ಅದೇ ಹೆದ್ದಾರಿಯ ಕೊನೆಗೆ. ರೋಗಿಯೇ ಓಡಿಸುವಂತಿರಲಿಲ್ಲವಾದ್ದರಿಂದ ಭಾಮೈದ ಸ್ಟೇರಿಂಗಿಗೆ ಕೂತ. ಪಕ್ಕದಲ್ಲಿ ಸೂಜಿಯಣ್ಣ, ಹಿಂದೆ ಹೆಂಡತಿ ಮತ್ತು ಅತ್ತೆ. ಅತ್ತೆಯವರನ್ನು ಯಾರೂ ಕರೆದಿರಲಿಲ್ಲ. ಅಳಿಯಂದಿರ ಕೈ ಹೋಗುವ ಕಾಲಕ್ಕೆ ತಾನು ಮನೆಯಲ್ಲಿ ಕೂರುವುದು ಸರಿಯಲ್ಲವೆಂದು ಅವರೇ ಬಂದು ಹಿಂದಿನ ಸೀಟಿನಲ್ಲಿ ಕೂತು, ಕಾರು ಹೊರಡುವ ಮೊದಲೇ ತೂಕಡಿಸತೊಡಗಿದ್ದರು.

ಭಾಮೈದ ಧೈರ್ಯ ಹೇಳುತ್ತ ಓಡಿಸುತ್ತಿದ್ದ. ಕೌಂಟರಿನ ಕೆಲಸವೂ ಮರ್ಯಾದೆಯ ಕೆಲಸವೇ, ಲಕೋಟೆಗೆ ಅಂಟು ಹಚ್ಚುವುದರಲ್ಲೂ ಕೈಚಳಕ ಇದೆ ಎಂದು ಇನ್ನೂ ಏನೇನೋ. ಮುಳ್ಳು ಎಂಬತ್ತು ದಾಟಿತು. ಅವನ ಮಾತು ನಿಂತಿತು.

ಸೂಜಿಯಣ್ಣ ತಿರುಗಿ ನೋಡಿದ. ಭಾಮೈದನ ಎರಡೂ ಕೈ ಜರಡಿ ಹಿಡಿದವರ ಕೈಯಂತೆ ಆಡುತ್ತಿದ್ದವು. ಮುಖ ಸುಣ್ಣವಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕಾರು ರಸ್ತೆಯ ಅಂಚಿಗೆ ಬಂದು ನಿಂತಿತು.

"ಭಾವ," ಎಂದ ಅವನು ಸಣ್ಣ ದನಿಯಲ್ಲಿ. "ಇದು ಅಂಟುತ್ತಾ?"

ಅಂಟುತ್ತದೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಹಿಂದಿನ ವಾರ ಭಾವ ಕುಡಿದಿಟ್ಟ ಲೋಟದಲ್ಲೇ ತಾನು ನೀರು ಕುಡಿದದ್ದು ಅವನಿಗೆ ನೆನಪಾಯಿತು. ಲ್ಯಾಬಿಗೆ ಬರುವ ನೂರೆಂಟು ಜನರ ರಕ್ತದಲ್ಲಿ ಯಾವ ಪುಣ್ಯಾತ್ಮನ ನಡುಕವಿತ್ತೋ, ಅದು ಮೊದಲು ಭಾವನಿಗೆ, ಭಾವನಿಂದ ತನಗೆ ಬಂದಿದೆ ಎಂದು ಕಾರಿನಿಂದಿಳಿದು ದೂರ ನಿಂತ. ತಮ್ಮನಿಗೂ ಬಂತೆಂದು ತಿಳಿದಾಗ ಹೆಂಡತಿ ಅತ್ತ ಅಳುವನ್ನು ಗಂಡನಿಗೆ ಬಂದಾಗ ಅತ್ತಿರಲಿಲ್ಲ ಎಂಬುದನ್ನು ಸೂಜಿಯಣ್ಣ ಗಮನಿಸಿದ. ಅತ್ತು ಮುಗಿಸಿ ಅವಳು ಸೆರಗು ಬಿಗಿದು, ಇಬ್ಬರನ್ನೂ ತಾನೇ ಡಾಕ್ಟರ ಬಳಿ ಮುಟ್ಟಿಸುವೆನೆಂದು ಸ್ಟೇರಿಂಗಿಗೆ ಕೂತಳು. ಅವಳ ಧೈರ್ಯ ಎಂಬತ್ತರವರೆಗೆ ಸಾಕಾಯಿತು. ಮೊದಲು ಬಳೆಗಳು ಕಿಣಿಕಿಣಿ ಎಂದವು, ಆಮೇಲೆ ಗಲಗಲ ಎಂದವು. ಅವಳು ಕಾರು ನಿಲ್ಲಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೇರೆ ಯಾರದೋ ಕೈಗಳನ್ನು ನೋಡುವಂತೆ ನೋಡುತ್ತ ಕೂತಳು. ಅಳು ಕೂಡ ಬರಲಿಲ್ಲ.

ಹೆದ್ದಾರಿ ಗಸ್ತಿನ ಜೀಪು ಬಂದು ನಿಂತದ್ದು ಆಗ. ಇಳಿದವರು ದಪ್ಪ ಮೀಸೆಯ ಸಾಹೇಬರು. ಅವರು ಎರಡು ಹೆಜ್ಜೆ ಹತ್ತಿರ ಬರುವುದರೊಳಗೆ ಭಾಮೈದ ಕೈಯೆತ್ತಿ ತಡೆದ. ಹತ್ತಿರ ಬರಬೇಡಿ ಸಾರ್, ಮನೆ ಮಂದಿಗೆಲ್ಲ ಅಂಟಿದೆ ಎಂದು ಆದದ್ದನ್ನೆಲ್ಲ ದೂರದಿಂದಲೇ ವರದಿ ಒಪ್ಪಿಸಿದ. ಸಾಹೇಬರು ನಕ್ಕರು. ರಸ್ತೆಯ ಮೇಲೆ ತಾವು ಏನೇನು ಕಂಡಿಲ್ಲ, ಇದೆಲ್ಲ ಬರಿಯ ಹೆದರಿಕೆ, ಧೈರ್ಯ ಇದ್ದವರ ಹತ್ತಿರ ಯಾವ ರೋಗವೂ ಸುಳಿಯುವುದಿಲ್ಲ ಎಂದರು. ಆಸ್ಪತ್ರೆಗೆ ತಾವೇ ಮುಟ್ಟಿಸುವುದಾಗಿ ಹೇಳಿ, ಜೀಪನ್ನು ಹಿಂದೆ ಬರುವಂತೆ ಪೇದೆಗೆ ಸೂಚಿಸಿ, ಕೈಗವಸು ತೊಟ್ಟು ಕಾರು ಹತ್ತಿದರು. ಅತ್ತೆಯವರು ಅರೆಗಣ್ಣು ತೆರೆದು, ಊರು ಬಂತೇ ಎಂದು ಕೇಳಿ, ಇಲ್ಲವೆಂದ ಮೇಲೆ ಮತ್ತೆ ಮುಚ್ಚಿಕೊಂಡರು.

ಸಾಹೇಬರು ಧೈರ್ಯದ ಮೇಲೆ ಒಂದು ಪ್ರವಚನ ಶುರು ಮಾಡಿದ್ದರು. ಅದು ಎಪ್ಪತ್ತರಲ್ಲಿ ಚೆನ್ನಾಗಿ ಸಾಗಿತ್ತು. ಎಂಬತ್ತಕ್ಕೆ ಒಂದು ವಾಕ್ಯ ಅರ್ಧಕ್ಕೆ ನಿಂತಿತು. ತೊಂಬತ್ತಕ್ಕೆ ಗವಸಿನೊಳಗಿನ ಕೈಗಳು ಸ್ಟೇರಿಂಗಿನ ಮೇಲೆ ಕುಣಿಯತೊಡಗಿದವು. ಅವರು ಕಾರನ್ನು ನಿಲ್ಲಿಸಿದರು. ಇಳಿದರು. ಗವಸು ಕಳಚಿ, ದೂರಕ್ಕೆ ಎಸೆದು, ಎರಡೂ ಕೈಯನ್ನು ಮೈಗೆ ತಾಕದಂತೆ ಅಗಲವಾಗಿ ಹಿಡಿದು ನಿಂತರು.

"ನನಗೆ ಮಕ್ಕಳಿದ್ದಾರೆ," ಎಂದರು, ಯಾರಿಗೂ ಅಲ್ಲದೆ.

ಹಿಂದೆ ಬಂದ ಪೇದೆ ಜೀಪಿನ ವೈರ್‌ಲೆಸ್ಸಿನಲ್ಲಿ ಆಂಬುಲೆನ್ಸ್ ಕೇಳಿದ. ರೋಗಿಗಳು ಎಷ್ಟು ಜನ ಎಂದು ಆ ಕಡೆಯಿಂದ ಪ್ರಶ್ನೆ ಬಂದಾಗ ಅವನು ಸಾಹೇಬರ ಮುಖ ನೋಡಿದ. ಸಾಹೇಬರು ತಲೆ ತಗ್ಗಿಸಿ, ನನ್ನನ್ನೂ ಸೇರಿಸಪ್ಪ ಎಂದರು. ಪೇದೆ ಜೀಪಿನ ಗಾಜನ್ನು ನಿಧಾನವಾಗಿ ಮೇಲಕ್ಕೆ ಏರಿಸಿಕೊಂಡ.

ಇಷ್ಟು ಗದ್ದಲದಲ್ಲಿ ಅತ್ತೆಯವರ ನಿದ್ದೆ ಕೆಟ್ಟಿತು. ಬಾಗಿಲು ತೆರೆದು, ರಸ್ತೆಯಂಚಿನಲ್ಲಿ ಕೈಗಳನ್ನು ರೆಕ್ಕೆಗಳಂತೆ ಅಗಲಿಸಿಕೊಂಡು ನಿಂತಿದ್ದ ಅಳಿಯ, ಮಗ, ಮಗಳು, ಪೊಲೀಸು, ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ವಿಷಯ ಕೇಳಿದರು. ಆಮೇಲೆ ತಮ್ಮ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು.

"ನನಗೆ ಯಾಕೆ ಬರ್ಲಿಲ್ಲ?" ಎಂದರು.

ಸೆರಗು ಸುತ್ತಿಕೊಂಡು ಕಾರಿನಿಂದ ಇಳಿದರು.

"ನಿಮ್ಮ ಜೊತೇಲೇ ಬಂದಿದೀನಿ. ಮೂವರೂ ಕುಡಿದ ನೀರೇ ಕುಡಿದಿದೀನಿ. ಈ ಮುಂಡಾಮೋಚಿದ ಸ್ಟೇರಿಂಗು ಹಿಡಿದವರಿಗೆಲ್ಲ ಬಂತು, ಹಿಡೀದವಳಿಗೆ ಬರ್ಲಿಲ್ಲ. ಸಾಹೇಬ್ರೇ, ನಿಮ್ಮ ಜೀಪನ್ನ ಅಷ್ಟೇ ಜೋರಾಗಿ ಓಡಿಸ್ಕೊಂಡು ಬನ್ನಿ, ನೋಡೋಣ. ರೋಗ ಕೈಯಲ್ಲಿದ್ರೆ ಅಲ್ಲೂ ನಡುಗಬೇಕಲ್ಲ."

ಪೇದೆ ಜೀಪು ಬಿಟ್ಟು ಹಾರಿಕೊಂಡ. ಸಾಹೇಬರು ದೇವರನ್ನು ನೆನೆದು ಹತ್ತಿದರು. ಜೀಪು ಧೂಳೆಬ್ಬಿಸಿ ಹೋಯಿತು, ಕಣ್ಮರೆಯಾಯಿತು, ತಿರುಗಿ ಬಂತು. ಅದರೊಳಗಿಂದ ಸಾಹೇಬರು ಎರಡೂ ಕೈಯನ್ನು ಹೊರಗೆ ಚಾಚಿ ತೋರಿಸಿದರು. ನಡುಕ ಹೋಗಲಿ, ಒಂದು ಬೆರಳು ಕೂಡ ಮಿಸುಕುತ್ತಿರಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಇಳಿದವರೇ ಅತ್ತೆಯವರ ಕಾಲು ಮುಟ್ಟಿದರು.

ಆಮೇಲೆ ಎಲ್ಲರ ದೃಷ್ಟಿಯೂ ಮೆಲ್ಲಗೆ ಕಾರಿನ ಕಡೆ ತಿರುಗಿತು. ಅದು ಬಿಸಿಲಲ್ಲಿ ಏನೂ ಅರಿಯದ ಕೂಸಿನಂತೆ ಹೊಳೆಯುತ್ತ ನಿಂತಿತ್ತು.

ಆಂಬುಲೆನ್ಸನ್ನು ಬೇಡವೆಂದು ಹಿಂದೆ ಕಳಿಸಿ, ಆಮೆಯ ವೇಗದಲ್ಲಿ ಹತ್ತಿರದ ಟೈರಿನ ಅಂಗಡಿಗೆ ಹೋದರು. ಅಂಗಡಿಯವನು ಫೋನಿನಲ್ಲಿ ಯಾರೊಡನೆಯೋ ಜಗಳವಾಡುತ್ತಿದ್ದ. ಜಗಳ ನಿಲ್ಲಿಸದೆಯೇ ವಿಷಯ ಕೇಳಿದ. ಸ್ಟೇರಿಂಗು ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು, ಎಂದು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಮುಂದಿನ ಚಕ್ರಗಳನ್ನು ಕಳಚಿದ. ಒಂದೊಂದನ್ನೇ ಯಂತ್ರಕ್ಕೆ ಹಾಕಿ ತಿರುಗಿಸಿದ. ಯಾವ ಚಕ್ರವೂ ಸುತ್ತಲೂ ಒಂದೇ ತೂಕವಿರುವುದಿಲ್ಲವಂತೆ. ಒಂದು ಕಡೆ ಕೊಂಚ ಭಾರ. ಅದನ್ನು ಸರಿದೂಗಿಸಲು ಎದುರು ಕಡೆ ಸೀಸದ ಸಣ್ಣ ತುಂಡುಗಳನ್ನು ಅಂಟಿಸಿರುತ್ತಾರೆ. ಅದಿಲ್ಲದ ಚಕ್ರ ಕುಂಟುತ್ತ ಉರುಳುತ್ತದೆ. ಮೆಲ್ಲಗೆ ಹೋಗುವಾಗ ಆ ಕುಂಟು ಯಾರಿಗೂ ತಿಳಿಯದು, ವೇಗವಾದಾಗ ಮೇಲೇರಿ ಹಿಡಿದವರ ಕೈಯನ್ನು ಅಲ್ಲಾಡಿಸುತ್ತದೆ.

"ಇಲ್ಲಿದ್ದ ತುಂಡುಗಳನ್ನ ಯಾರೋ ಕೆರೆದು ತೆಗೆದಿದ್ದಾರೆ," ಎಂದ ಅಂಗಡಿಯವನು. "ಗೀರು ನೋಡಿ."

ಎಲ್ಲರೂ ಬಗ್ಗಿ ನೋಡಿದರು. ಭಾಮೈದನೂ ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ.

"ಆ ಬೂದು ಬಣ್ಣದ ಚೂರುಗಳಾ?" ಎಂದ ನೆಲ ನೋಡುತ್ತ. "ಕೊಳೆ ಅಂದ್ಕೊಂಡೆ. ಅಕ್ಕನ ಮನೆಗೆ ಹೋಗೋ ಕಾರು, ಚೊಕ್ಕಟವಾಗಿರ್ಲಿ ಅಂತ ಚಾಕು ತಗೊಂಡು... ಬಹಳ ಗಟ್ಟಿ ಇತ್ತು. ಮುಂದಿನ ಎರಡು ಚಕ್ರಕ್ಕೇ ಸುಸ್ತಾಯ್ತು. ಹಿಂದಿನದನ್ನ ಯಾರು ನೋಡ್ತಾರೆ ಅಂತ ಬಿಟ್ಟೆ."

ಅಂಗಡಿಯವನು ಫೋನಿನಲ್ಲಿದ್ದವನಿಗೆ ಆಮೇಲೆ ಬೈಯುವೆನೆಂದು ಹೇಳಿ ಇಟ್ಟ. ಸಾಹೇಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅಕ್ಕ ತನ್ನ ತಮ್ಮನನ್ನು ನೋಡಿದ ಆ ನೋಟವನ್ನು ಬಣ್ಣಿಸಲು ಹೋಗುವುದಿಲ್ಲ. ಮದುವೆಯಾದಾಗಿನಿಂದ ಸೂಜಿಯಣ್ಣ ಒಬ್ಬನೇ ಅನುಭವಿಸಿದ್ದ ನೋಟ ಅದು. ಇನ್ನೊಬ್ಬರ ಪಾಲಿಗೆ ಬಿದ್ದದ್ದು ಅದೇ ಮೊದಲು.

ಸೀಸ ಅಂಟಿಸಿಕೊಂಡ ಕಾರು ನೂರರಲ್ಲೂ ಧ್ಯಾನಕ್ಕೆ ಕೂತಂತೆ ಬಂತು. ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಅವರಿಗಿಂತ ಮುಂಚೆ ಸುದ್ದಿ ಊರು ಮುಟ್ಟಿತ್ತು. ಸೂಜಿಯಣ್ಣನ ನಡುಕ ಹೆಂಡತಿಗೆ, ಭಾಮೈದನಿಗೆ, ಕೊನೆಗೆ ಒಬ್ಬ ಪೊಲೀಸಿಗೂ ಹತ್ತಿ ಆಂಬುಲೆನ್ಸ್ ಬಂದಿತ್ತಂತೆ ಎಂದು ಟೈಲರ್ ಬಾಗಿಲಿಗೆ ಬಂದವರಿಗೆಲ್ಲ ಅಳತೆ ತೆಗೆಯುತ್ತ ಹೇಳುತ್ತಿದ್ದ.

ಮರುದಿನ ಲ್ಯಾಬಿನಲ್ಲಿ ಸೂಜಿಯಣ್ಣ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದ. ಡಾಕ್ಟರಮ್ಮ ನಂಬಿದರು, ಇನ್ನು ನರದ ಡಾಕ್ಟರ ಚೀಟಿ ಬೇಡವೆಂದರು. ಬೆಂಚಿನವರು ನಂಬಲಿಲ್ಲ. ಸೀಸವಂತೆ, ಚಕ್ರವಂತೆ, ಎಂದು ಟೈಲರ್ ಪಕ್ಕದವರ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಡಾಕ್ಟರಮ್ಮ ಅಸಹಾಯಕರಾಗಿ ಕೈ ಚೆಲ್ಲಿದರು. ನಾನು ಸೂಜಿ ಕೊಡಬಲ್ಲೆ, ತೋಳು ಎಲ್ಲಿಂದ ತರಲಿ, ಎಂದರು.

ಬಾಗಿಲಲ್ಲಿ ಅತ್ತೆಯವರು ನಿಂತಿದ್ದರು. ಅವರ ಮುಷ್ಟಿಯಲ್ಲಿ ಮಗನ ಅಂಗಿಯ ಕಾಲರು ಇತ್ತು.

"ತಗೊಳ್ಳಿ," ಎಂದರು. "ಇವನ ತೋಳು ತಂದಿದೀನಿ."

ಭಾಮೈದ ಹುಟ್ಟಿದಾಗಿನಿಂದ ಸೂಜಿಗೆ ಹೆದರುವವನು. ಮಗುವಾಗಿದ್ದಾಗ ಲಸಿಕೆಗೆ ಮನೆ ಮಂದಿಯೆಲ್ಲ ಸೇರಿ ಹಿಡಿಯಬೇಕಾಗಿತ್ತಂತೆ. ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಬೆಂಚಿನವರೆಲ್ಲ ಎದ್ದು ಸುತ್ತ ನಿಂತರು. ಅವನು ಕಣ್ಣು ಬಿಗಿಯಾಗಿ ಮುಚ್ಚಿದ. ತೋಳು ನಡುಗಿತು, ತೋಳಿನಡಿಯ ಮೇಜು ನಡುಗಿತು, ಮೇಜಿನ ಮೇಲಿನ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಆ ಗಲಾಟೆಯ ಮೇಲೆ ಸೂಜಿಯಣ್ಣನ ಬಲಗೈ ಗಾಳಿಯಲ್ಲಿ ನಿಂತಿತ್ತು. ಹದ್ದು ಆಕಾಶದಲ್ಲಿ ರೆಕ್ಕೆ ಬಡಿಯದೆ ನಿಲ್ಲುತ್ತದಲ್ಲ, ಹಾಗೆ. ಟೈಲರ್ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು ಇನ್ನೂ ಬಗ್ಗಿದ.

ಸ್ವಲ್ಪ ಹೊತ್ತು ಕಳೆಯಿತು.

"ಯಾವಾಗ ಚುಚ್ಚುತ್ತೀರಿ ಭಾವ?" ಎಂದು ಭಾಮೈದ ಕಣ್ಣು ತೆರೆಯದೆ ಕೇಳಿದ. "ಬೇಗ ಮುಗಿಸಿಬಿಡಿ, ಕಾಯೋದಕ್ಕೆ ಆಗ್ತಿಲ್ಲ."

ಅವನು ಒಂದು ಕಣ್ಣು ತೆರೆದ. ತೋಳಿನ ಮೇಲೆ ಹತ್ತಿ ಕೂತಿತ್ತು. ಮೇಜಿನ ಮೇಲೆ ಕೆಂಪಗೆ ತುಂಬಿದ ಕೊಳವೆಯೊಂದು ನಿಂತಿತ್ತು.

"ಯಾರದು ಇದು?" ಎಂದ.

"ನಿಂದೇನಪ್ಪ," ಎಂದ ಸೂಜಿಯಣ್ಣ.

ಭಾಮೈದ ಅದನ್ನು ಇನ್ನೊಮ್ಮೆ ನೋಡಿ, ಬಾಯಿ ತೆರೆದು, ಯಾರಿಗೂ ತೊಂದರೆ ಕೊಡದಂತೆ ಕುರ್ಚಿಯಿಂದ ನೆಲಕ್ಕೆ ಜಾರಿ ಮಲಗಿದ. ಡಾಕ್ಟರಮ್ಮ ನೀರಿಗೆ ಓಡಿದರು. ಟೈಲರ್ ಚಪ್ಪಲಿ ಕಳಚಿ, ಪಂಚೆ ಎತ್ತಿ ಹಿಡಿದು, ಬಿದ್ದವನನ್ನು ಜಾಗ್ರತೆಯಾಗಿ ದಾಟಿ ಬಂದು, ಖಾಲಿಯಾದ ಕುರ್ಚಿಯಲ್ಲಿ ಕೂತು ಅಂಗಿಯ ತೋಳನ್ನು ಮೇಲಕ್ಕೆ ಮಡಚಿದ.